ಬಾಗಿಲು ಹಾಕಿ ಅರೆದ ಸೊಪ್ಪು

ಹೊಸದುರ್ಗದ ಕಡೆಯ ನಮ್ಮೂರಿನಲ್ಲಿ ಅಜ್ಜಿ ಕಾಮಾಲೆಗೆ ಔಷಧಿ ಕೊಡುತ್ತಾಳೆ. ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಗೆ, ಮೇಕೆ ಹಾಲಿನಲ್ಲಿ. ಹಿರಿಯೂರು, ಹೊಳಲ್ಕೆರೆಯಿಂದಲೂ ಹಳದಿ ಕಣ್ಣಿನವರು ಬಂದು ಜಗಲಿಯ ಮೇಲೆ ಕೂರುತ್ತಾರೆ. ಸೊಪ್ಪು ಅರೆಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿರುತ್ತದೆ. ಹೆಸರು ಹೇಳಿದರೆ ಔಷಧಿ ಹತ್ತುವುದಿಲ್ಲವಂತೆ. ಮನೆಯಲ್ಲಿ ಒಬ್ಬರಿಗೆ, ಅದೂ ಸೊಸೆಗೆ ಮಾತ್ರ ಹೇಳಬೇಕಂತೆ. ಅಮ್ಮ ಇಲ್ಲದ್ದರಿಂದ ಅದು ಅಣ್ಣನ ಹೆಂಡತಿಯ ಪಾಲಾಯಿತು.

ಅತ್ತಿಗೆ ಮದುವೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನೋ ಹುಟ್ಟಿದಾಗಿನಿಂದ ಆ ಬಾಗಿಲ ಮುಂದೆ ಕೂತವಳು, ಚಿತ್ರದುರ್ಗದಲ್ಲಿ ಫಾರ್ಮಸಿ ಓದುತ್ತಿದ್ದವಳು. ನನಗೆ ಹೊಟ್ಟೆ ಉರಿಯದೆ ಇನ್ನೇನು?

ಇಲಿಗಳ ಮೇಲೆ ಔಷಧಿ ಪರೀಕ್ಷಿಸುವ ಕಾಲೇಜಿನ ಪ್ರಾಜೆಕ್ಟಿಗೆ ಅಜ್ಜಿಯ ಸೊಪ್ಪೇ ಬೇಕೆಂದು ಹಟ ಹಿಡಿದೆ. "ಹೆಸರಿಲ್ಲದ ಗಿಡಾನ ಇಲಿಗೆ ಕೊಡೋಕೆ ಕಮಿಟಿ ಒಪ್ಪಲ್ಲಮ್ಮ" ಎಂದರು ಗೈಡ್ ಮೇಡಂ. ಊರಿಗೆ ಹೋಗಿ, ಅಜ್ಜಿಯ ಕಾಲು ಒತ್ತುತ್ತಾ ಹೆಸರು ಕೇಳಿದೆ.

"ನೀನು ಬ್ಯಾರೆ ಮನೆಗೆ ಹೋಗೋಳು."

"ಅತ್ತಿಗೆ ಬ್ಯಾರೆ ಮನೆಯಿಂದ ಬಂದೋಳಲ್ವೇನಜ್ಜಿ?"

"ಬಂದೋಳು ಇಲ್ಲೇ ಇರ್ತಾಳೆ. ಸುಮ್ನಿರಲೇ."

ಒಳಗೆ ಅತ್ತಿಗೆಯ ಬಳೆ ಸದ್ದಾಯಿತು. ಅವಳು ನಗುತ್ತಿದ್ದಾಳೆಂದೇ ನನಗನ್ನಿಸಿತು.

ಕೊನೆಗೆ, ಲಿವರಿಗೆ ಒಳ್ಳೆಯದೆಂದು ಪುಸ್ತಕದಲ್ಲಿದ್ದ ನೆಲನೆಲ್ಲಿಯನ್ನೇ ಹಿಡಿದೆ. ರಸ್ತೆ ಬದಿ, ತೋಟದ ಬದು, ಎಲ್ಲಿ ನೋಡಿದರೂ ಬೆಳೆಯುವ ಗಿಡ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾರ ತೆಗೆದೆ. ಬಿಳಿ ಇಲಿಗಳಿಗೆ ಅದನ್ನು ಕುಡಿಸಿ, ಆಮೇಲೆ ಜ್ವರದ ಮಾತ್ರೆಯ ಔಷಧಿಯನ್ನೇ ಅತಿಯಾಗಿ ಕೊಟ್ಟು ಲಿವರ್ ಕೆಡುತ್ತದೆಯೋ ಇಲ್ಲವೋ ನೋಡುವ ಪರೀಕ್ಷೆ. ಸಾರದ ಬದಲು ಬರೀ ನೀರು ಕುಡಿದ ಇಲಿಗಳ ಲಿವರ್ ಬಿಳಿಚಿಕೊಂಡು ಚುಕ್ಕೆ ಬಿದ್ದಿತ್ತು. ಸಾರ ಕುಡಿದವುಗಳದ್ದು ಕೆಂಪಗೆ, ನುಣುಪಾಗಿತ್ತು. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಮೇಡಂ ಬೆನ್ನು ತಟ್ಟಿದರು. ನನಗೆ ಖುಷಿಯಾಗಲಿಲ್ಲ. ಬೀದಿಯ ಗಿಡವೇ ಇಷ್ಟು ಮಾಡಿದರೆ ಅತ್ತಿಗೆಯ ಕೈಗೆ ಸಿಕ್ಕ ಗಿಡ ಇನ್ನೆಷ್ಟು ಮಾಡೀತು!

ಊರಿಗೆ ಹೋದಾಗ ಅದನ್ನು ಅವಳ ಮುಖಕ್ಕೇ ಹೇಳಿಬಿಟ್ಟೆ. "ನಿಮಗೇನು ಬಿಡ್ರಿ ಅತ್ತಿಗೆ, ದೊಡ್ಡ ಗಿಡಾನೇ ಸಿಕ್ಕೈತೆ."

ಅವಳು ಸುತ್ತ ನೋಡಿ, ಕೈ ಹಿಡಿದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹರಿಯುವಲ್ಲಿ ಬಗ್ಗಿ, ಒಂದು ಗಿಡ ಕಿತ್ತು ನನ್ನ ಅಂಗೈಯಲ್ಲಿಟ್ಟಳು. ಎಲೆಗಳ ಕೆಳಗೆ ಸಾಸಿವೆಯಷ್ಟು ಕಾಯಿಗಳ ಸಾಲು. ನೆಲನೆಲ್ಲಿ.

"ಇದೇ ಕಣೆ. ಇಷ್ಟೇ. ಅಜ್ಜಿಗೆ ಹೇಳಬ್ಯಾಡ, ನೊಂದ್ಕಂತಾರೆ."

ಹೊಟ್ಟೆಯುರಿ ಆರಬೇಕಿತ್ತು. ಆರಲಿಲ್ಲ. ಬದುವಿನ ತುಂಬ ಬೆಳೆಯುವ ಗಿಡದ ಹೆಸರನ್ನು ಕಿವಿಯಲ್ಲಿ ಹೇಳುವುದಕ್ಕೂ ಅಜ್ಜಿ ಅವಳನ್ನೇ ಆರಿಸಿದ್ದಳು.

ಮರುದಿನ ಭಾನುವಾರ. ಜಗಲಿ ತುಂಬಿತ್ತು. ಅಜ್ಜಿ ಅತ್ತಿಗೆಯನ್ನು ಒಳಗೆ ಕರೆದು, ನನ್ನ ಕಡೆ ತಿರುಗಿ "ನೀನು ಆಚೆ ಕುಂತ್ಕ" ಎಂದಳು. ಬಾಗಿಲು ಮುಚ್ಚಿತು. ನಾನು ಹೋಗಿ ರೋಗಿಗಳ ಪಕ್ಕ ಕೂತೆ. ಹೊಳಲ್ಕೆರೆಯಿಂದ ಮಗನನ್ನು ಕರೆತಂದಿದ್ದ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು: "ಅದ್ಯಾವ ಸೊಪ್ಪವ್ವಾ?"

"ನಂಗೊತ್ತಿಲ್ರಿ" ಎಂದೆ. "ಅದು ಈ ಮನೆ ಸೊಸೆಗೆ ಮಾತ್ರ ಗೊತ್ತು."