ಟಿಂಕರ್ ಕೊಟ್ಟ ಅಯಸ್ಕಾಂತ

ಅವರ ಬಲಗೈ ನಡುಬೆರಳಿನ ಗೆಣ್ಣು ಸುಲಿದ ಅಡಿಕೆಯಷ್ಟು ದಪ್ಪವಿತ್ತು. ವರ್ಷಗಟ್ಟಲೆ ತಗಡನ್ನು ತಟ್ಟಿ ತಟ್ಟಿ ಅಲ್ಲಿನ ಚರ್ಮ ಜಡ್ಡುಗಟ್ಟಿ, ಕಪ್ಪಾಗಿ ಹೊಳೆಯುತ್ತಿತ್ತು. ಎದುರಿಗೆ ಏನು ಸಿಕ್ಕರೂ ಮೊದಲು ಆ ಗೆಣ್ಣಿನಿಂದ ಒಮ್ಮೆ ತಟ್ಟುವುದು ಅವರ ಚಾಳಿ. ನಮ್ಮ ಮನೆಗೆ ಬಂದರೆ ಅಕ್ಕಿ ಡಬ್ಬಿಯನ್ನು ತಟ್ಟಿ, "ಇನ್ನ ನಾಕು ದಿನಕ್ಕೆ ಆಗ್ತೈತೆ ನೋಡ್ರಿ" ಎನ್ನುತ್ತಿದ್ದರು. ನಾಲ್ಕನೆಯ ದಿನಕ್ಕೆ ಡಬ್ಬಿ ಸರಿಯಾಗಿ ಬರಿದಾಗುತ್ತಿತ್ತು. ಸದ್ದು ಕೇಳಿ ಹೇಳುತ್ತಿದ್ದರು ಎಂದುಕೊಳ್ಳಬೇಡಿ. ಸುತ್ತಿಗೆಯ ಬಡಿತಕ್ಕೆ ಅವರ ಕಿವಿಗಳೆರಡೂ ಮುಕ್ಕಾಲು ಹೋಗಿದ್ದವು. ಅವರಿಗೆ ಕೇಳಿಸುತ್ತಿದ್ದುದು ಬೆರಳಿಗೆ.

ಚನ್ನಗಿರಿಯಲ್ಲಿ ಅವರು ಟಿಂಕರ್. ಕಾರು, ಲಾರಿ, ಬಸ್ಸು ಎಲ್ಲಿಗಾದರೂ ಗುದ್ದಿಕೊಂಡು ಬಂದರೆ ನೆಗ್ಗಿದ ಮೈಯನ್ನು ಬಡಿದು ನೆಟ್ಟಗೆ ಮಾಡುವ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ ಸೇರಿದಾಗ ಅವರ ಶೆಡ್ಡು ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ನಮ್ಮ ಮೊದಲ ಭೇಟಿಯೇ ಜಗಳದ್ದು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂಬತ್ತನೇ ಕ್ಲಾಸಿನ ಪಾಠವನ್ನು ಅರ್ಧಕ್ಕೆ ಬಿಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಹೋಗಿ, "ರೀ, ನಿಮ್ಮ ಬಡಿತದಲ್ಲಿ ನನ್ನ ಮಾತು ಮಕ್ಕಳಿಗೆ ಒಂದೂ ಕೇಳಿಸ್ತಿಲ್ಲ!" ಎಂದು ಕೂಗಿದೆ.

ಅವರು ಸುತ್ತಿಗೆ ಕೆಳಗಿಟ್ಟು ನಕ್ಕರು. "ನನಗೂ ಕೇಳ್ಸಲ್ರೀ" ಎಂದರು.

ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಿದ್ದರು. "ನಿಮ್ಮ ಪಾಠ ಯಾವ್ಯಾವ ಹೊತ್ತಿಗೆ ಐತೆ, ಒಂದು ಹಾಳೆ ಮ್ಯಾಲೆ ಬರ್ಕೊಡ್ರಿ ಮೇಡಮ್ಮಾರೆ." ಬರೆದುಕೊಟ್ಟೆ. ಅದನ್ನು ಶೆಡ್ಡಿನ ಹಲಗೆಗೆ ಅಂಟಿಸಿಕೊಂಡರು. ಅಂದಿನಿಂದ ನನ್ನ ಪಿರಿಯಡ್ಡುಗಳಲ್ಲಿ ಆ ಕಡೆಯಿಂದ ಸುತ್ತಿಗೆಯ ಸದ್ದಿಲ್ಲ. ಉಜ್ಜುವುದು, ಬಣ್ಣ ಬಳಿಯುವುದು, ಹೀಗೆ ಸದ್ದಿಲ್ಲದ ಕೆಲಸ ಮಾತ್ರ. ಗಂಟೆ ಬಾರಿಸುವುದೇ ತಡ, ದಡಬಡ ಶುರು. ಮೂರು ವರ್ಷ ಹಾಗೆ ನಡೆಯಿತು. ನನಗೆ ಹೊನ್ನಾಳಿಗೆ ವರ್ಗವಾದಾಗ ಬೀಳ್ಕೊಡಲು ಬಂದವರು ಕೇಳಿದ್ದು ಒಂದೇ ಮಾತು: "ಹೊಸಾ ಮೇಡಮ್ಮಾರದ್ದೂ ಇದೇ ಹೊತ್ತೇನ್ರಿ?"

ಇಲ್ಲಿ ನಮ್ಮ ಅಕ್ಕನ ವಿಷಯ ಹೇಳಬೇಕು. ನನ್ನನ್ನು ಓದಿಸಿದವಳು ಅವಳು, ಹೊಲಿಗೆ ಮಿಷನ್ ತುಳಿದು. ತುಳಿದದ್ದು ಒಂದೇ ಕಾಲಲ್ಲಿ. ಚಿಕ್ಕಂದಿನಲ್ಲಿ ಕೀಲಿಗೆ ರೋಗ ಬಂದು ಅವಳ ಎಡಗಾಲಿನ ಮಂಡಿ ಮಡಿಸಲಾಗದೆ ಕೋಲಿನಂತೆ ನೆಟ್ಟಗಾಗಿಬಿಟ್ಟಿತ್ತು. ಬಸ್ಸಿನಲ್ಲಿ ಕೂತರೆ ಆ ಕಾಲು ನಡುದಾರಿಗೆ ಚಾಚಿಕೊಳ್ಳುತ್ತಿತ್ತು. ಒಮ್ಮೆ ದಾವಣಗೆರೆಯಲ್ಲಿ ಯಾರೋ ಎಡವಿ ಬಿದ್ದು, ಎದ್ದವನು ಎಲ್ಲರೆದುರು ಬಾಯಿಗೆ ಬಂದಂತೆ ಅಂದುಬಿಟ್ಟ. ಅವತ್ತಿನಿಂದ ಅಕ್ಕ ಬಸ್ಸು ಹತ್ತಲಿಲ್ಲ. ಹನ್ನೊಂದು ವರ್ಷ. ಹೊನ್ನಾಳಿಗೆ ಬಂದದ್ದು ಕೂಡ ಸಾಮಾನಿನ ಲಾರಿಯಲ್ಲಿ, ಬೀರುವಿನ ಪಕ್ಕ ಹಾಸಿಗೆ ಸುರುಳಿಯ ಮೇಲೆ ಕಾಲು ಚಾಚಿಕೊಂಡು.

ನಮ್ಮ ಬಳಗವೆಲ್ಲ ಜಗಳೂರಿನ ಕಡೆ ಸೊಕ್ಕೆಯಲ್ಲಿದೆ. ಅಲ್ಲಿ ಯಾರ ಮದುವೆಯಾದರೂ ಹೆಣ್ಣಿನ ರವಿಕೆಗಳ ಬಟ್ಟೆ ಅಕ್ಕನಿಗೆ ಬರುತ್ತಿತ್ತು, ಹೊಲಿದದ್ದು ಹೋಗುತ್ತಿತ್ತು, ಅಕ್ಕ ಮಾತ್ರ ಹೋಗುತ್ತಿರಲಿಲ್ಲ. ನಮ್ಮ ಅಣ್ಣನ ಮಗಳ ಮದುವೆ ಗೊತ್ತಾಯಿತು. ಬಟ್ಟೆ ಬಂತು. ಅಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಿದ್ದಳು. "ನಾನು ಹೊಲಿದಿದ್ದು ಮದುವಣಗಿತ್ತಿ ಮೈಮ್ಯಾಲೆ ಹೆಂಗ್ ಕಾಣ್ತೈತೋ, ಒಂದೂ ನೋಡ್ಲಿಲ್ಲ ಕಣೆ" ಎಂದಳು. ಅಳಲಿಲ್ಲ, ಹೇಳಿದಳು ಅಷ್ಟೇ. ನನಗೆ ಅದನ್ನು ತಡೆಯಲಾಗಲಿಲ್ಲ. ಕಾರು ಕೊಳ್ಳುತ್ತೇನೆ ಎಂದುಬಿಟ್ಟೆ. ಬಾಡಿಗೆ ಕಾರಿನಲ್ಲಿ ಒಂದು ದಿನ ಹೋಗಿಬರಬಹುದಿತ್ತು. ಆದರೆ ಅವಳು ಕಳೆದುಕೊಂಡದ್ದು ಒಂದು ದಿನವನ್ನಲ್ಲವಲ್ಲ.

ದಾವಣಗೆರೆಯಲ್ಲಿ ರಜೆಯಿಡೀ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಹೊನ್ನಾಳಿಯಲ್ಲಿ ಹೆಂಗಸು ಕಾರು ಓಡಿಸುವುದೆಂದರೆ ಅವತ್ತಿಗೆ ಸಹೋದ್ಯೋಗಿಗಳಿಗೆಲ್ಲ ತಮಾಷೆಯೋ ತಮಾಷೆ. ನನ್ನ ಉಳಿತಾಯ, ಅಕ್ಕನ ಉಳಿತಾಯ ಎಲ್ಲ ಕೂಡಿಸಿದರೆ ಹನ್ನೆರಡು ಸಾವಿರ. ಅದಕ್ಕೆ ಸಿಕ್ಕಬಹುದಾದದ್ದು ಹಳೆಯ ಕಾರು, ಅದೂ ಒಂದೇ ಒಂದು ಸಲ. ತಪ್ಪಿದರೆ ಇನ್ನೊಂದಕ್ಕೆ ದಾರಿಯಿರಲಿಲ್ಲ.

ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಕೆನೆ ಬಣ್ಣದ ಚಿಕ್ಕ ಕಾರನ್ನು ಮಾರುತ್ತಾರೆಂದು ತಿಳಿಯಿತು. ಒಂದು ಭಾನುವಾರ ಮುಂಗಡದ ಹಣವನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಮೊದಲು ಶೆಡ್ಡಿಗೆ ಹೋಗಿ, ಅಕ್ಕನಿಗಾಗಿ ಕಾರು ಕೊಳ್ಳುವ ವಿಷಯ ಹೇಳಿ, ಟಿಂಕರನ್ನು ಜೊತೆಗೆ ಕರೆದೆ. ಯಾರ ಕಾರು ಎಂದು ಹೇಳುತ್ತಿದ್ದಂತೆ ಅವರ ನಗು ನಿಂತಿತು.

"ಆ ಗಾಡಿ ನೋಡಾಕೆ ನನ್ನ ಕರೀಬ್ಯಾಡ್ರಿ" ಎಂದರು.

"ಯಾಕೆ?"

"ನಾನು ಕೈ ಹಾಕಿದ ಗಾಡಿ ಬಗ್ಗೆ ನಾನು ಬಾಯಿ ಬಿಡಾಕಿಲ್ಲ. ನಂಬಿ ತಂದು ನಿಲ್ಸಿರ್ತಾರೆ. ಅದು ನಮ್ಮ ಕೆಲಸದ ಮರ್ಯಾದೆ."

ನನಗೆ ಸಿಟ್ಟು ನೆತ್ತಿಗೇರಿತು. ದೊಡ್ಡ ಮನುಷ್ಯರಿಗೆ ಹೆದರುತ್ತಾರೆ, ದೊಡ್ಡ ಗಿರಾಕಿ ಕೈತಪ್ಪುತ್ತಾರೆಂದು ನನ್ನನ್ನು ಬಿಟ್ಟುಕೊಡುತ್ತಿದ್ದಾರೆ ಎಂದುಕೊಂಡೆ. "ಮರ್ಯಾದೆ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದು ತಿರುಗಿ ಹೊರಟೆ. ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಹಿಂದಿನಿಂದ ಕರೆದರು. "ಮೇಡಮ್ಮಾರೆ, ಅಕ್ಕಾರು ಎಲ್ಲಿ ಕೂರ್ತಾರೆ?"

"ಮುಂದೆ. ಎಡಗಡೆ."

ಅವರು ಸುತ್ತಿಗೆ ಕೆಳಗಿಟ್ಟರು. ಒಳಗೆ ಹೋಗಿ, ಕೆಟ್ಟ ರೇಡಿಯೋ ಸ್ಪೀಕರಿನಿಂದ ಕಿತ್ತಿದ್ದ ದುಂಡನೆಯ ಅಯಸ್ಕಾಂತವನ್ನು ಬಟ್ಟೆಚೂರಿನಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟರು. "ಗೀರು ಬೀಳದಂಗೆ ಬಟ್ಟೆ ಸಮೇತ ಇಟ್ಟು ನೋಡ್ರಿ. ಅಕ್ಕಾರು ಕೂರೋ ಕಡೆ, ಬಾಗಿಲ ಕೆಳಗೆ. ಕಚ್ಕೊಂಡ್ರೆ ತಗೊಳ್ರಿ." ಅಷ್ಟು ಹೇಳಿ ನನಗೆ ಬೆನ್ನು ಹಾಕಿ ಸುತ್ತಿಗೆ ಎತ್ತಿಕೊಂಡರು.

ಕಾರು ಮದುಮಗನ ಹಾಗೆ ನಿಂತಿತ್ತು. ವ್ಯಾಪಾರಿಗಳು ಕಾಫಿ ಕೊಟ್ಟರು, ತುಂಬ ಮರ್ಯಾದೆಯಿಂದ ಮಾತಾಡಿದರು. ಅಂಥವರೆದುರು ಪರ್ಸಿನಿಂದ ಬಟ್ಟೆಗಂಟು ತೆಗೆಯಲು ನನಗೇ ಸಂಕೋಚ. ಆದರೂ ತೆಗೆದೆ. ಬಾನೆಟ್ಟಿನ ಮೇಲೆ ಇಟ್ಟೆ, ಟಪ್ಪನೆ ಕಚ್ಚಿಕೊಂಡಿತು. ಬಾಗಿಲಿನ ನಡುವೆ ಇಟ್ಟೆ, ಕಚ್ಚಿಕೊಂಡಿತು. ಬಗ್ಗಿ ಬಾಗಿಲ ಕೆಳಗೆ ಇಟ್ಟೆ. ಜಾರಿ ಮಣ್ಣಿಗೆ ಬಿತ್ತು. ಒಂದು ಗೇಣು ಆಚೆ ಇಟ್ಟೆ. ಅಲ್ಲೂ ಬಿತ್ತು. ಅಲ್ಲಿ ತಗಡೇ ಇರಲಿಲ್ಲ. ಬಿರುಕು, ತೂತುಗಳನ್ನೆಲ್ಲ ಪುಟ್ಟಿ ಎಂಬ ಗಟ್ಟಿಯಾಗುವ ಲೇಪ ಮೆತ್ತಿ ಮುಚ್ಚಿ, ಮೇಲೆ ಕೆನೆ ಬಣ್ಣ ಬಳಿದಿದ್ದರು. ಅಕ್ಕ ಕೂರುವ ಜಾಗದ ಆಧಾರವೇ ಅದು. ಕಾಂತತ್ವದ ಪಾಠವನ್ನು ವರ್ಷ ವರ್ಷವೂ ಮಾಡುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ!

ವ್ಯಾಪಾರಿಗಳ ಮುಖ ಬಿಗಿಯಿತು. "ಇದನ್ನ ಯಾರ್ ಕೊಟ್ರು ನಿಮಗೆ?"

"ವಿಜ್ಞಾನದ ಮೇಡಂ ನಾನು. ಪಾಠಕ್ಕೆ ಅಂತ ಪರ್ಸಿನಲ್ಲೇ ಇರುತ್ತೆ" ಎಂದು ಸುಳ್ಳು ಹೇಳಿದೆ. ಅವರು ನಂಬಲಿಲ್ಲ. ಆಮೇಲೆ ಎಷ್ಟೋ ತಿಂಗಳು ಅಡಿಕೆ ಮಂಡಿಯವರ ಗಾಡಿಗಳು ಆ ಶೆಡ್ಡಿಗೆ ಬರಲಿಲ್ಲವೆಂದು ಟಿಂಕರ್ ಅವರ ಹೆಂಡತಿ ಎಷ್ಟೋ ಕಾಲದ ಮೇಲೆ ನನಗೆ ಹೇಳಿದರು. ಟಿಂಕರ್ ಹತ್ತಿರ ಆ ಮಾತೆತ್ತಿದರೆ, "ನಾನೆಲ್ಲಿ ಏನ್ ಹೇಳೀನ್ರಿ? ಅಯಸ್ಕಾಂತ ಕೊಟ್ಟೆ ಅಷ್ಟೆ" ಎಂದು ಮುಖ ತಿರುಗಿಸಿಕೊಂಡರು.

ಮದುವೆಗೆ ಮೂರು ವಾರವಿತ್ತು. ನಾನು ಕಾರಿನ ಆಸೆಯನ್ನೇ ಬಿಟ್ಟಿದ್ದೆ. ಯಾರ ಕೈಯಲ್ಲೋ ಬರೆಸಿದ ಅವರ ಕಾರ್ಡು ಬಂತು: "ನ್ಯಾಮತಿಯಲ್ಲಿ ಒಂದು ಐತೆ. ನೋಡಾಕೆ ಚೆಂದಿಲ್ಲ. ನೀವು ಬರಬ್ಯಾಡ್ರಿ, ನಾವೇ ಮನೆ ಮುಂದಕ್ಕೆ ತರ್ತೀವಿ. ಅಕ್ಕಾರು ನೋಡಬೇಕು."

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಒಂದು ಹಳೇ ಅಂಬಾಸಿಡರ್ ಬಂದು ನಿಂತಿತು. ಓಡಿಸಿಕೊಂಡು ಬಂದವರು ಅದರ ಮಾಲೀಕರು, ವಯಸ್ಸಾದ ನಾಟಿ ವೈದ್ಯರು. ಪಕ್ಕದಲ್ಲಿ ಟಿಂಕರ್. ಬೂದಿ ಬಣ್ಣ, ಅದೂ ಅರ್ಧ ಹೋದದ್ದು, ಮೈತುಂಬ ಕುಳಿ. ಅಕ್ಕ ಹೊಸ್ತಿಲಲ್ಲಿ ನಿಂತು ಅದನ್ನು ನೋಡಿ ನಕ್ಕೇಬಿಟ್ಟಳು. ಟಿಂಕರ್ ನನ್ನಿಂದ ಅಯಸ್ಕಾಂತ ಕೇಳಿ ಪಡೆದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲೆಲ್ಲೂ ಇಟ್ಟು ತೋರಿಸಿದರು. ಎಲ್ಲೂ ಬೀಳಲಿಲ್ಲ. "ಎಲ್ಲಾ ತಗಡೇ ಐತೆ ನೋಡ್ರಿ. ಬಿದ್ದ ಗಾಯ ಎಲ್ಲಾ ಕಣ್ಣಿಗೆ ಕಾಣ್ತಾವೆ, ಒಂದೂ ಮುಚ್ಚಿಟ್ಟಿಲ್ಲ."

ಆದರೆ ಮುಂದಿನ ಸೀಟಿನಲ್ಲಿ ಕೂತ ಅಕ್ಕನ ಕಾಲು ಎದುರಿನ ತಗಡಿಗೆ ತಾಗಿ, ಬಾಗಿಲು ಹಾಕಲಾಗಲಿಲ್ಲ. ಅವಳ ಮುಖ ಬಾಡಿತು. ಟಿಂಕರ್ ಆ ಉದ್ದನೆಯ ಒಂದೇ ಸೀಟನ್ನು ಗೆಣ್ಣಿನಿಂದ ತಟ್ಟಿದರು. "ಇದನ್ನ ಎರಡು ಭಾಗ ಕುಯ್ದು, ಅಕ್ಕಾರದ್ದು ಹಿಂದಕ್ಕೆ ಸರಿಸ್ತೀನಿ. ಕಾಲು ಎಷ್ಟುದ್ದ ಐತೆ ಅಳೀಬೇಕಲ್ಲ" ಎಂದರು. ಕೇಳಲು ಅವರಿಗೆ ಸಂಕೋಚ. ಅಕ್ಕ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅವರ ಕೈಗೆ ಕೊಟ್ಟಳು. ಅವರ ಕಿವಿಯ ವಿಷಯ ಗೊತ್ತಿದ್ದರಿಂದ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಊರಿಗೆಲ್ಲಾ ಅಳತೆ ತಗೊಂಡೋಳು ನಾನು. ನನ್ನ ಅಳತೆ ತಗೊಂಡೋನು ನೀನೇ ಮೊದಲು ಕಣಪ್ಪಾ!" ಎದುರು ಮನೆಯವರು ಹೊರಗೆ ಬಂದು ನೋಡಿದರು. ಅಂದಿನಿಂದ ಅವರಿಬ್ಬರೂ ಒಳ್ಳೆಯ ಸ್ನೇಹಿತರು. ಅವರೊಡನೆ ಅಕ್ಕ ಯಾವಾಗಲೂ ಅದೇ ಗಂಟಲಲ್ಲೇ ಮಾತಾಡುತ್ತಿದ್ದಳು.

ಹತ್ತು ದಿನದಲ್ಲಿ ಸೀಟು ತಯಾರಾಯಿತು. ಅದಕ್ಕೆ ಅಕ್ಕನೇ ಹೊದಿಕೆ ಹೊಲಿದಳು. ಕಾರಿಗೆ ಹೊಸ ಬಣ್ಣ ಹೊಡೆಸೋಣವೇ ಎಂದರೆ ಟಿಂಕರ್ ರೇಗಿದರು. "ಆ ದುಡ್ಡು ಬ್ರೇಕಿಗೆ ಹಾಕ್ರಿ."

ಸೊಕ್ಕೆಗೆ ಹೋದ ದಿನ ಅಕ್ಕ ದಾರಿಯುದ್ದಕ್ಕೂ ಕಾಲು ಚಾಚಿಕೊಂಡು, ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಜಗಳೂರು ದಾಟಿದ ಮೇಲೆ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂದಾಗ ನಾನು ಹಾರನ್ ಒತ್ತಹೋದೆ. "ಇರ್ಲಿ ಬಿಡೆ, ನೋಡ್ತೀನಿ" ಎಂದಳು. ಹಸೆಮಣೆಯ ಮೇಲೆ ಹುಡುಗಿ ಕೂತಿದ್ದಾಗ ಅಕ್ಕನಿಗೆ ಎದುರಿಗೇ ಕುರ್ಚಿ ಹಾಕಿದರು. ಅವಳು ಆ ರವಿಕೆಯನ್ನು ನೋಡಿದಳು, ತುಂಬ ಹೊತ್ತು ನೋಡಿದಳು. "ತೋಳು ಒಂದೆಳೆ ಬಿಗಿ ಆಗೈತೆ" ಎಂದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

ಆ ಕಾರು ಏಳು ವರ್ಷ ನಮ್ಮಲ್ಲಿತ್ತು. ಅಕ್ಕ ಎಷ್ಟು ಮದುವೆ ನೋಡಿದಳೋ, ಎಷ್ಟು ತೊಟ್ಟಿಲ ಶಾಸ್ತ್ರ ನೋಡಿದಳೋ ಲೆಕ್ಕವಿಲ್ಲ. ಅಯಸ್ಕಾಂತ ಹೊಲಿಗೆ ಮಿಷನ್ನಿನ ಮೇಲೆ ಕಾಯಂ ಆಯಿತು, ನೆಲಕ್ಕೆ ಬಿದ್ದ ಸೂಜಿ ಗುಂಡುಪಿನ್ನು ಹೆಕ್ಕಲು. ನಾನೊಮ್ಮೆ ಕಾರನ್ನು ಹಿಂದೆ ತೆಗೆಯುವಾಗ ಮೋರಿಯ ಕಟ್ಟೆಗೆ ಉಜ್ಜಿ, ಹಿಂದಿನ ಎಡಗಡೆಯ ತಗಡನ್ನು ಹರಿದುಹಾಕಿದೆ. ಕೈಯಲ್ಲಿ ಹಣವಿರಲಿಲ್ಲ. ಟಿಂಕರ್ ಪುಟ್ಟಿ ಮೆತ್ತಿ ಮುಚ್ಚಿದರು. ಕೆಲಸ ಮುಗಿಸಿ ಅಲ್ಲಿ ತಟ್ಟಿ, ತಲೆ ಅಲ್ಲಾಡಿಸಿದರು. "ಇನ್ಮ್ಯಾಲೆ ಇಲ್ಲಿ ಅಯಸ್ಕಾಂತ ನಿಲ್ಲಾಕಿಲ್ಲ. ನಾನಂತೂ ಬಾಯಿ ಬಿಡಂಗಿಲ್ಲ. ಮಾರೋ ದಿನ ನೀವೇ ಹೇಳ್ರಿ."

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ತೀರಿಕೊಂಡರು. ಎದೆಯ ಕಾಯಿಲೆ, ಎರಡೇ ವಾರ. ಸುದ್ದಿ ತಲುಪಿ ನಾವು ಚನ್ನಗಿರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಅವರ ಹೆಂಡತಿಯ ಕೈ ಹಿಡಿದುಕೊಂಡು ಕೂತಳು. ನಾನು ಶೆಡ್ಡಿನೊಳಗೆ ಹೋದೆ. ಹಲಗೆಯ ಮೇಲೆ ನಾನು ಬರೆದುಕೊಟ್ಟಿದ್ದ ವೇಳಾಪಟ್ಟಿ ಇನ್ನೂ ಅಂಟಿಕೊಂಡಿತ್ತು. ಅಕ್ಷರಗಳು ಮಾಸಿದ್ದವು. ಅದರ ಪಕ್ಕದಲ್ಲಿ ಇನ್ನೂ ಮೂವರು ಮೇಡಮ್ಮುಗಳ ವೇಳಾಪಟ್ಟಿಗಳಿದ್ದವು. ನಾನು ಅಲ್ಲೇ ನಿಂತು ಅತ್ತೆ.

ಮರುವರ್ಷ ಕಾರನ್ನು ಮಾರಲು ಹೊರಟೆವು. ಕೊಳ್ಳಲು ಬಂದವರು ಜಗಳೂರಿನ ಆಸ್ಪತ್ರೆಯೊಂದರ ಕಂಪೌಂಡರು, ಜೊತೆಗೆ ಅವರ ಹೆಂಡತಿ. ಮೊದಲ ಕಾರಂತೆ. ಹಣವೆಲ್ಲ ಆಕೆಯ ಮಡಿಲ ಚೀಲದಲ್ಲಿತ್ತು, ಅದರ ಮೇಲಿನ ಕೈಯನ್ನು ಆಕೆ ತೆಗೆಯುತ್ತಲೇ ಇರಲಿಲ್ಲ. ನಾನು ಒಳಗೆ ಹೋಗಿ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ. ಮೊದಲು ಹಿಂದಿನ ಎಡಗಡೆಗೆ ಕರೆದೊಯ್ದು, ಅಲ್ಲಿಟ್ಟು ಕೈ ಬಿಟ್ಟೆ. ಅದು ಕಂಪೌಂಡರ ಕಾಲ ಬಳಿ ಬಿತ್ತು.

"ಇಲ್ಲಿ ಪುಟ್ಟಿ ಇದೆ. ಉಳಿದ ಕಡೆ ನೀವೇ ಇಟ್ಟು ನೋಡಿ" ಎಂದೆ.

ಅವರು ಅದನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡಿದರು. "ಮಾರೋರು ಯಾರಾದ್ರೂ ಹಿಂಗ್ ತೋರಿಸ್ತಾರೇನ್ರಿ?"

ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಅವರತ್ತ ನೋಡಲಿಲ್ಲ. ರಸ್ತೆಯಾಚೆ, ಮೇಲಕ್ಕೆ ಎಲ್ಲೋ ನೋಡುತ್ತ, ಬೀದಿಗೆಲ್ಲ ಕೇಳುವ ತನ್ನ ಆ ಹಳೆಯ ಗಂಟಲಲ್ಲಿ ಕೂಗಿದಳು:

"ಹಿಂದಿನ ಎಡಗಡೇದು ಹೇಳಿದೀವಿ ಕಣಪ್ಪಾ!"