ಭಾವನ ಅಂಗಡಿಯ ಗಿರಾಕಿ

ನಲವತ್ತೊಂದು ವರ್ಷವಾಗಿದ್ದರೂ ಮನೆಯವರಿಗೆ ಅವಳು ಪುಟ್ಟಿಯೇ. ವಕೀಲರ ಆಫೀಸಿನಲ್ಲಿ ಟೈಪ್ ಮಾಡುತ್ತಾಳೆಂದು ಅಕ್ಕ, ಭಾವ ಇಬ್ಬರೂ ನಂಬಿದ್ದರು. ಟೈಪಿಂಗ್ ಅವಳಿಗೆ ಬರುತ್ತಿತ್ತು. ಆದರೆ ಆಫೀಸು ಅವಳನ್ನು ಇಟ್ಟುಕೊಂಡಿದ್ದು ಗಿರಾಕಿಯ ವೇಷ ಹಾಕುವುದಕ್ಕೆ.

ಕಂಪನಿಗಳ ಪರವಾಗಿ ನಕಲಿ ಮಾಲು ಹಿಡಿಸುವುದು ಆ ವಕೀಲರ ವೃತ್ತಿ. ಶಾಂಪೂ, ಬೇರಿಂಗು, ಮಿಕ್ಸಿಯ ಜಾರು ಎಲ್ಲ ಆಗಿ, ಈಚೆಗೆ ಹಳೇ ಕಾಲದ ವಿಡಿಯೋ ಗೇಮ್ ಡಬ್ಬಿಗಳ ಸರದಿ ಬಂದಿತ್ತು. ಟಿವಿಗೆ ಸಿಕ್ಕಿಸಿ ಆಡುವ ಆ ಡಬ್ಬಿಗಳನ್ನು ಮೂಲ ಕಂಪನಿ ನಿಲ್ಲಿಸಿ ಎಷ್ಟೋ ಕಾಲವಾಗಿದ್ದರೂ ಚಿಕ್ಕ ಚಿಕ್ಕ ಕಾರ್ಖಾನೆಗಳು ಅದರ ತದ್ರೂಪುಗಳನ್ನು ಮಾಡುತ್ತಲೇ ಇದ್ದವು. ಒಂದೊಂದರಲ್ಲಿ ಕದ್ದ ಆಟಗಳು ನೂರಾರು.

ಪುಟ್ಟಿ ಅಂಗಡಿಗೆ ಹೋಗಿ ಕುರ್ಚಿ ಕೇಳಿ ಕೂರುತ್ತಿದ್ದಳು. ಮಗಳು ಆಸ್ಪತ್ರೆಯಲ್ಲಿದ್ದಾಳೆ, ಆಟ ಬೇಕೆಂದು ಹಟ ಹಿಡಿದಿದ್ದಾಳೆ ಎನ್ನುತ್ತಿದ್ದಳು. ಅವಳಿಗೆ ಮಗಳೂ ಇರಲಿಲ್ಲ, ಗಂಡನೂ ಇರಲಿಲ್ಲ. ಅಂಗಡಿಯವನ ಮನಸ್ಸು ಕರಗಿ, ಒಳಗಿನಿಂದ ಮಾಲು ತಂದು, ಬಿಲ್ ಬರೆದುಕೊಡುವಷ್ಟರಲ್ಲಿ ಫೋನು ಅವನ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿರುತ್ತಿತ್ತು. ವಾರದೊಳಗೆ ಕೋರ್ಟಿನ ಕಮಿಷನರ್ ಬಂದು ಅಂಗಡಿ ಜಪ್ತಿ ಮಾಡುತ್ತಿದ್ದರು. ಕಣ್ಣೀರು ತಂದುಕೊಳ್ಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆರು ವರ್ಷದಲ್ಲಿ ಒಮ್ಮೆಯೂ ಬರಿಗೈಯಲ್ಲಿ ವಾಪಸು ಬಂದವಳಲ್ಲ.

ಭಾವನದೂ ಅಂಥದೇ ಅಂಗಡಿ. ಬಸ್ ನಿಲ್ದಾಣದ ಹಿಂದೆ, ಝೆರಾಕ್ಸ್ ಅಂಗಡಿಗೂ ಚಪ್ಪಲಿ ಹೊಲಿಯುವವನಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದಷ್ಟು ಇಕ್ಕಟ್ಟು. ಟಿವಿ ರಿಪೇರಿ ಮಾಡಿಕೊಂಡಿದ್ದವನು, ರಿಪೇರಿಗೆ ಟಿವಿಗಳು ಬರುವುದು ನಿಂತ ಮೇಲೆ ಈ ಡಬ್ಬಿಗಳನ್ನು ಜೋಡಿಸಿ ಮಾರತೊಡಗಿದ್ದ. ಮೊದಲ ಡಬ್ಬಿ ಮಾರುವ ಮೊದಲೇ ಪುಟ್ಟಿಯನ್ನು ಕೂರಿಸಿಕೊಂಡು ಕೇಳಿದ್ದ.

"ನಿಮ್ಮ ಸಾಹೇಬರನ್ನ ಒಂದ್ಮಾತು ಕೇಳಿ ಹೇಳು ಪುಟ್ಟಿ. ಇದು ತಪ್ಪಾ? ತಪ್ಪಾದ್ರೆ ಮುಟ್ಟೋದೇ ಇಲ್ಲ."

ಯಾರಿಗೆಂದು ಹೇಳದೆ ಅವಳು ಕೇಳಿದಳು. ವಕೀಲರು ಕನ್ನಡಕ ತೆಗೆದು ವಿವರಿಸಿದರು. "ಯಂತ್ರದ ಪೇಟೆಂಟ್ ಮುಗಿದು ಯಾವ ಕಾಲ ಆಯ್ತೋ. ಹಳೇ ಕ್ಯಾಸೆಟ್ ಓಡಿಸೋ ಡಬ್ಬಿನ ಯಾರು ಬೇಕಾದ್ರೂ ಮಾಡ್ಬಹುದು. ಕಂಪನಿ ಹೆಸರು, ಗುರುತು ಹಾಕೋ ಹಾಗಿಲ್ಲ. ಒಳಗೆ ಅವರ ಆಟ ತುಂಬೋ ಹಾಗಿಲ್ಲ. ಆಟದ ಕಾಪಿರೈಟ್ ಇನ್ನೂ ಜೀವಂತ ಇದೆ. ಈ ಗೆರೆ ದಾಟದೆ ಇದ್ರೆ ನಾವೂ ಏನೂ ಮಾಡಕ್ಕಾಗಲ್ಲ."

ಭಾವ ಆ ಗೆರೆಯನ್ನು ಕಣ್ಣಿಗೊತ್ತಿಕೊಂಡವನಂತೆ ಪಾಲಿಸಿದ. ಕೈಬರಹದ ಒಂದು ಬೋರ್ಡನ್ನೂ ತೂಗುಹಾಕಿದ: 'ಇದು ಅಸಲಿ ಕಂಪನಿಯ ಯಂತ್ರವಲ್ಲ. ಇದರಲ್ಲಿ ಆಟಗಳಿಲ್ಲ. ನಿಮ್ಮ ಹಳೇ ಕ್ಯಾಸೆಟ್ ನೀವೇ ತನ್ನಿ.' ಅದನ್ನು ಓದಿ ಅರ್ಧಕ್ಕರ್ಧ ಗಿರಾಕಿಗಳು ಹಾಗೇ ಹೋಗುತ್ತಿದ್ದರು. "ಬಂದ ಗಿರಾಕಿನ ಓಡಿಸಕ್ಕೆ ಅಂತ ಬೋರ್ಡ್ ಹಾಕಿರೋರು ಇಡೀ ಪೇಟೇಲಿ ನಮ್ಮನೆಯವರೊಬ್ಬರೇ," ಎಂದು ಅಕ್ಕ ನಗುತ್ತಿದ್ದಳು.

ಹೀಗಿರುವಾಗ ಪುಟ್ಟಿಯ ಕೆಲಸಕ್ಕೆ ಕುತ್ತು ಬಂತು. ಯಾರೋ ಅವಳ ಫೋಟೋವನ್ನು ಪೇಟೆಯ ವಾಟ್ಸಾಪಿಗೆಲ್ಲ ಹಂಚಿದ್ದರು. ಭಾವನದು ಬರೀ ಬಟನ್ ಫೋನು, ಅವನಿಗೆ ಅದು ಮುಟ್ಟಲಿಲ್ಲ. ಒಬ್ಬನಂತೂ ಅವಳು ಮೆಟ್ಟಿಲು ಹತ್ತುವಾಗಲೇ, "ಬನ್ನಿ ಬನ್ನಿ, ಮಗಳು ಇನ್ನೂ ಡಿಸ್ಚಾರ್ಜ್ ಆಗ್ಲಿಲ್ವಾ?" ಎಂದು ಕೂಗಿ ಬೀದಿಗೆಲ್ಲ ನಗೆ ಹಂಚಿದ.

ವಕೀಲರು ಅವಳನ್ನು ಕರೆಸಿ ಕಂಪನಿಯ ಪಟ್ಟಿಯೊಂದನ್ನು ಮುಂದೆ ತಳ್ಳಿದರು. "ಈ ಕೊನೇ ಅಂಗಡಿಗೆ ಮೂರು ಜನ ಹೋಗಿ ಬಂದ್ರು. ಎಷ್ಟು ಬೇಡ್ಕೊಂಡ್ರೂ ಆಟ ತುಂಬ್ಕೊಡಲ್ವಂತೆ. ಕಂಪನಿಯೋರಿಗೆ ಇವನೇ ಬೇಕು. ಇವನನ್ನ ನೋಡಿ ಊರೋರೆಲ್ಲ ಶುರು ಮಾಡ್ತಾರೆ ಅಂತ ಅವರ ಭಯ."

ಅದು ಭಾವನ ಅಂಗಡಿಯ ವಿಳಾಸ. ಅವನು ನನ್ನ ಭಾವ ಎಂದು ಅವಳು ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಮೂರು ಜನ ಸೋತು ಬಂದಿದ್ದಾರೆ ಎಂಬ ಮಾತೊಂದೇ ಅವಳ ಕಿವಿಯಲ್ಲಿ ನಿಂತಿತು.

"ನಾನು ಹೋಗ್ತೀನಿ ಸಾರ್," ಎಂದಳು.

ಭಾವನ ಹತ್ತಿರ ಆಸ್ಪತ್ರೆಯ ಮಗಳ ಕತೆ ನಡೆಯುವುದಿಲ್ಲವಲ್ಲ. ಅವನಿಗೆ ನಿಜವನ್ನೇ ಹೇಳಿದಳು. ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, "ರೂಮಿಗೆ ಹೋದ್ರೆ ಗೋಡೆ ನೋಡ್ಕೊಂಡು ಕೂತಿರ್ತೀನಿ ಭಾವ. ಮಾತಾಡೋಕೂ ಒಬ್ರಿಲ್ಲ. ಚಿಕ್ಕೋರಿದ್ದಾಗ ಅಕ್ಕ ನಾನು ಪಕ್ಕದ್ಮನೇಲಿ ಆಡ್ತಿದ್ವಲ್ಲ, ಆ ಆಟಗಳನ್ನ ಇದ್ರಲ್ಲಿ ಹಾಕ್ಕೊಡ್ತೀರಾ?" ಎಂದು ಕೇಳಿದಳು. ಈ ಸಲ ಕಣ್ಣೀರು ತಾನಾಗಿಯೇ ಬಂತು. ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡಳು.

ಭಾವ ಬೋರ್ಡಿನ ಕಡೆ ನೋಡಿದ. ತಲೆ ಕೆರೆದುಕೊಂಡ. "ಹಾಕ್ಬಾರ್ದು ಕಣೇ," ಎಂದ. ಆಮೇಲೆ, "ನೀನೇನು ಹೊರಗಿನವಳಾ?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಕ್ಕನಿಗೆ ಫೋನ್ ಮಾಡಿದ. ಯಾವ್ಯಾವ ಆಟ ಎಂದು ಅಕ್ಕ ಒಂದೊಂದಾಗಿ ನೆನಪಿಸಿಕೊಂಡು ಹೇಳಿದಳು. "ಬಾತುಕೋಳಿ ಹೊಡೆಯೋದು ಮರೀಬೇಡಿ, ಅದ್ರಲ್ಲಿ ಅವಳು ನನ್ನ ದಿನಾ ಸೋಲಿಸ್ತಿದ್ಲು," ಎಂಬ ಅವಳ ದನಿ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ರೆಕಾರ್ಡೂ ಆಯಿತು.

ಎರಡು ದಿನ ಬಿಟ್ಟು ಭಾವ ಹನ್ನೊಂದು ಆಟ ತುಂಬಿದ ಡಬ್ಬಿ ಕೊಟ್ಟ. ದುಡ್ಡು ಬೇಡವೆಂದ. ಪುಟ್ಟಿ ಬಲವಂತವಾಗಿ ಕೊಟ್ಟು, ಬಿಲ್ ಬೇಕೆಂದಳು.

"ನಿಂಗೂ ಬಿಲ್ಲಾ?"

"ನಾಳೆ ಕೆಟ್ರೆ ಇದು ನಮ್ಮಂಗಡಿ ಡಬ್ಬೀನೇ ಅಲ್ಲ ಅಂದುಬಿಡ್ತೀರ ನೀವು."

ಅವನು ಜೋರಾಗಿ ನಕ್ಕು, ಬಿಲ್ ಬರೆದು, ಕೆಳಗೆ 'ಹನ್ನೊಂದು ಆಟ ಸಹಿತ' ಎಂದು ಸೇರಿಸಿದ. ಬಿಲ್ಲಿನ ನಕಲು ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ಆಫೀಸಿನಲ್ಲಿ ವಕೀಲರು ರೆಕಾರ್ಡಿಂಗ್ ಕೇಳಿ ಮುಖವೆತ್ತಿದರು. "ಭಾವ ಅಂತಿದ್ದೀಯಲ್ಲಮ್ಮ?"

"ಅಕ್ಕನ ಗಂಡ ಸಾರ್."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅವರು ರೆಕಾರ್ಡಿಂಗ್ ನಿಲ್ಲಿಸಿದರು. "ಅಫಿಡವಿಟ್ಟಲ್ಲಿ ಸಂಬಂಧ ಬರೆದುಬಿಡು. ಮುಚ್ಚಿಟ್ರೆ ನಮಗೇ ತೊಂದ್ರೆ." ಅವಳೇ ಟೈಪ್ ಮಾಡಿದಳು. ಒಂದೇ ಒಂದು ಅಕ್ಷರ ತಪ್ಪಲಿಲ್ಲ.

ಜಪ್ತಿಯಾದದ್ದು ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ. ನಲವತ್ತು ಡಬ್ಬಿ, ಒಂದರಲ್ಲೂ ಆಟವಿಲ್ಲ. ಕಮಿಷನರ್ ಕೇಳಿದರು, "ಯಾರಿಗೂ ಆಟ ತುಂಬಿ ಕೊಟ್ಟೇ ಇಲ್ವಾ?" ಭಾವನಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಒಬ್ಬರಿಗೆ ಕೊಟ್ಟಿದೀನಿ ಸಾರ್," ಎಂದ. ಯಾರಿಗೆ ಎಂದಾಗ ತಡವರಿಸಿದ. ಪುಟ್ಟಿ ವಕೀಲರ ಆಫೀಸಿನವಳು, ಹೆಸರು ಹೊರಬಿದ್ದರೆ ಅವಳ ಕೆಲಸ ಹೋಗುತ್ತದೆ ಎಂದು ಹೆದರಿದ. "ಯಾರೋ ದಾರೀಲಿ ಹೋಗೋರು. ಗುರುತಿಲ್ಲ," ಎಂದು ಬರೆಸಿ ಸಹಿ ಹಾಕಿದ. ಅದು ಅವನ ಬದುಕಿನ ಮೊದಲ ಕೋರ್ಟು ಕಾಗದ. ಅದರಲ್ಲೇ ಸುಳ್ಳು.

ಮಧ್ಯಾಹ್ನ ಅವಳಿಗೆ ಫೋನ್ ಮಾಡಿದ. "ಅಂಗಡಿಗೆ ಕೋರ್ಟೋರು ಬಂದಿದ್ರು ಪುಟ್ಟಿ. ನೀನು ಗಾಬರಿಯಾಗ್ಬೇಡ, ನಿನ್ನ ಹೆಸರು ಎತ್ತಿಲ್ಲ, ಯಾರೋ ಗುರುತಿಲ್ಲದೋರು ಅಂತ ಬರೆಸಿದೀನಿ. ಪ್ರಾಣ ಹೋದ್ರೂ ಎತ್ತಲ್ಲ. ಆ ಡಬ್ಬಿ ಎಲ್ಲಾದ್ರೂ ಬಿಸಾಕು."

ಆ ಡಬ್ಬಿ ಅವಳ ಮೇಜಿನ ಮೇಲೇ ಇತ್ತು. ಸಾಕ್ಷಿಗೆಂದು ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದರು.

"ಆಯ್ತು ಭಾವ," ಎಂದಳು.

ಅವನ ಹೇಳಿಕೆಯನ್ನು ಅವಳು ವಕೀಲರಿಗೆ ಅಂದೇ ತಿಳಿಸಿದಳು. ಅವರು ಮೇಜು ತಟ್ಟಿ ನಕ್ಕರು. "ಇನ್ನು ಕೇಸು ನಮ್ದೇ."

ಕೋರ್ಟಿನಲ್ಲಿ ಭಾವನ ವಕೀಲ ಹೇಳಿದ್ದೆಲ್ಲ ಸರಿಯಾಗಿತ್ತು. ಡಬ್ಬಿ ಮಾರುವುದು ಕಾನೂನಿಗೆ ವಿರುದ್ಧವಲ್ಲ, ಬೋರ್ಡು ಇದೆ, ಜಪ್ತಿಯಾದ ನಲವತ್ತೂ ಖಾಲಿ. ಪುಟ್ಟಿಯ ವಕೀಲರು ಎರಡು ಕಾಗದ ಕೊಟ್ಟು ಕೂತರು. ಒಂದರಲ್ಲಿ 'ಗುರುತಿಲ್ಲದ ದಾರಿಹೋಕರು'. ಇನ್ನೊಂದರಲ್ಲಿ 'ಪ್ರತಿವಾದಿಯು ನನ್ನ ಅಕ್ಕನ ಗಂಡ'. ನ್ಯಾಯಾಧೀಶರು ಎರಡನ್ನೂ ಓದಿ ಭಾವನತ್ತ ನೋಡಿದರು.

"ಹೆಂಡತಿಯ ತಂಗೀನೇ ಗುರುತಿಲ್ಲ ಅಂತ ಬರೆಸಿದ್ದೀರಿ. ಈ ಬೋರ್ಡು, ಖಾಲಿ ಡಬ್ಬಿ, ಇವೆಲ್ಲ ನಾಟಕ ಅಲ್ಲ ಅಂತ ಹೇಗೆ ನಂಬ್ಲಿ?"

ಭಾವ ಬಾಯಿ ತೆರೆದ. ಅವಳನ್ನು ಉಳಿಸಲು ಹಾಗೆಂದೆ ಎಂದು ಹೇಳಬೇಕಿತ್ತು. ಎದುರಿನ ಬೆಂಚಿನಲ್ಲಿ ಪುಟ್ಟಿ ಫೈಲು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡ.

ವ್ಯಾಪಾರ ನಿಲ್ಲಿಸಬೇಕು, ಮಾಲೆಲ್ಲ ನಾಶವಾಗಬೇಕು ಎಂದು ಆದೇಶವಾಯಿತು. ಹೊರಗೆ ಕಾರಿಡಾರಿನಲ್ಲಿ ಅಕ್ಕ ಅವಳನ್ನು ತಡೆದಳು. ಅಳಲಿಲ್ಲ, ಕೂಗಾಡಲಿಲ್ಲ.

"ಎಷ್ಟು ವರ್ಷದಿಂದ ಈ ಕೆಲಸ?"

"ಆರು."

"ಹಾಗಾದ್ರೆ ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತಿದ್ದೆಯಲ್ಲ, ಆಗೆಲ್ಲ..."

"ಆಗ ಸುಮ್ನೆ ಬರ್ತಿದ್ದೆ ಅಕ್ಕ. ಊಟಕ್ಕೇ."

ಅದು ಸತ್ಯವೇ ಆಗಿತ್ತು. ಅಕ್ಕ ತಲೆಯಾಡಿಸಿದಳು, ಸಾಕ್ಷಿಯ ಮಾತು ಕೇಳಿಸಿಕೊಂಡವರು ತಲೆಯಾಡಿಸುವ ಹಾಗೆ.

ಡಬ್ಬಿಗಳನ್ನು ಕೋರ್ಟಿನ ಹಿಂದಿನ ಅಂಗಳದಲ್ಲಿ ಸುತ್ತಿಗೆಯಿಂದ ಒಡೆದರು. ಮಾಲೀಕ ಹಾಜರಿರಬೇಕೆಂಬ ನಿಯಮವಿತ್ತು. ಭಾವ ನಲವತ್ತನೆಯದರವರೆಗೂ ನಿಂತು ಸಹಿ ಹಾಕಿ ಬಂದ. ಈಗ ಅಂಗಡಿಗಳ ಬಿಲ್ಲಿಂಗ್ ಮೆಷಿನ್ ರಿಪೇರಿ ಮಾಡುವ ಕಂಪನಿಯಲ್ಲಿ ಸಂಬಳಕ್ಕಿದ್ದಾನೆ. ಆಫೀಸು ಪುಟ್ಟಿಗೆ ಒಳಕೋಣೆಯಲ್ಲಿ ಸ್ವಂತ ಕುರ್ಚಿ ಕೊಟ್ಟಿತು, ಹೊಸಬರಿಗೆ ಗಿರಾಕಿಯಾಗುವುದನ್ನು ಕಲಿಸಲು. "ಸ್ವಂತ ಭಾವನನ್ನೇ ಬಿಡ್ಲಿಲ್ಲ ಈಯಮ್ಮ," ಎಂದು ವಕೀಲರು ಹೊಗಳುತ್ತಾರೆ. ಹೊಸ ಹುಡುಗಿಯರು ನಗುತ್ತಾರೆ. ಊಟದ ಹೊತ್ತಿಗೆ ಬೇರೆ ಮೇಜಿಗೆ ಹೋಗುತ್ತಾರೆ.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅವಳು ಅಕ್ಕನ ಹೊಸ ಬಾಡಿಗೆ ಮನೆ ಹುಡುಕಿಕೊಂಡು ಹೋದಳು. ಅಕ್ಕ ಬಾಗಿಲು ಮುಚ್ಚಲಿಲ್ಲ.

"ಬ್ಯಾಗ್ ಕೊಡು," ಎಂದಳು.

ಒಂದೊಂದೇ ವಸ್ತು ತೆಗೆದು ಮೇಜಿನ ಮೇಲಿಟ್ಟಳು. ಬಾಚಣಿಗೆ, ಮಾತ್ರೆಯ ಹಾಳೆ, ಕೊಡೆ, ರೂಮಿನ ಬೀಗದಕೈ. ಫೋನನ್ನು ಆರಿಸಿ ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಳು. ಸೀರೆಯ ಸೆರಗು, ರವಿಕೆಯ ಅಂಚು ಎಲ್ಲ ತಡವಿ ನೋಡಿದಳು. ಪುಟ್ಟಿ ಕೈ ಎತ್ತಿ ನಿಂತಿದ್ದಳು. ಕಿಟಕಿಯ ಬಳಿ ಪೇಪರ್ ಓದುತ್ತಿದ್ದ ಭಾವ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಆಮೇಲೆ ಅಕ್ಕ ಊಟ ಬಡಿಸಿದಳು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ ಎಂದಳು. ಮುಂದಿನ ತಿಂಗಳು ಪುಟ್ಟಿ ಮತ್ತೆ ಹೋದಳು.