ಇದ್ದಿಲು ಬಸ್ಸಿನ ಮುಖ ಯಾವುದು?

ನನ್ನ ಮದುವೆಗೆ ಸವಣೂರಿನಿಂದ ಹಾನಗಲ್ಲಿಗೆ ಹೋಗಲು ಸಿಕ್ಕಿದ್ದು ಇದ್ದಿಲು ಬಸ್ಸು. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೂ ಬೀಳುತ್ತಿರಲಿಲ್ಲ. ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ. ಅದರೊಳಗೆ ಇದ್ದಿಲು ಉರಿದು ಹುಟ್ಟುವ ಗ್ಯಾಸಿನಿಂದ ಎಂಜಿನ್ ಓಡಬೇಕು. ಏರು ಬಂದರೆ ಗಂಡಸರು ಇಳಿದು ನೂಕಬೇಕು. ಮಧ್ಯಾಹ್ನದ ಮುಹೂರ್ತ ತಪ್ಪಿದರೆ ಮುಂದೆ ಆಷಾಢ. ಹುಡುಗ ನನ್ನ ಮನಸ್ಸಿಗೆ ಬಂದಿದ್ದ, ಸುಳ್ಳು ಯಾಕೆ ಹೇಳಲಿ. ಆಷಾಢ ಕಳೆಯುವತನಕ ಕಾಯುವ ತಾಳ್ಮೆ ನನಗಿರಲಿಲ್ಲ.

ಡ್ರೈವರ್ ಸವಣೂರಿನ ಸಾಬರು. ಮಾತು ಮೆತ್ತಗೆ, ಬೆಂಕಿಯ ವಿಷಯ ಬಂದರೆ ಮಾತ್ರ ಹುಲಿ. ಇದ್ದಿಲು ಸುರಿಯಲು ಪೀಪಾಯಿಯ ಮುಚ್ಚಳ ತೆರೆಯುವ ಮುಂಚೆ ಬೀಡಿ ಸೇದುವವರನ್ನೆಲ್ಲ ಬೇವಿನ ಗಿಡದಾಚೆ ಅಟ್ಟುತ್ತಿದ್ದರು. ಅವರ ಕಣ್ಣು ತಪ್ಪಿಸಿದ್ದು ನಮ್ಮ ಆಯಿ, ಅಂದರೆ ಅಪ್ಪನ ಅವ್ವ.

ಮದುಮಗಳು ಹತ್ತುವ ಗಾಡಿಗೆ ಆರತಿ ಬೆಳಗುವುದು ನಮ್ಮ ಮನೆಯ ಪದ್ಧತಿ. ಚಕ್ಕಡಿಯಾದರೆ ಎತ್ತಿನ ಮುಖಕ್ಕೆ ಬೆಳಗಬೇಕು. ಬಸ್ಸಿನ ಮುಖ ಯಾವುದು? ಆಯಿ ಒಂದು ಸುತ್ತು ಹಾಕಿ ನೋಡಿದಳು. ಹಿಂದೆ ಡ್ರೈವರ್ ಇದ್ದಿಲು ತಿನ್ನಿಸುತ್ತಿದ್ದರು. ತಿನ್ನುವ ಕಡೆಯೇ ಮುಖ ಎಂದು ತೀರ್ಮಾನಿಸಿ, ಉರಿಯುವ ಕರ್ಪೂರದ ತಟ್ಟೆ ಹಿಡಿದು ಅಲ್ಲಿಗೇ ನಡೆದಳು.

"ಆಯಿ, ಅಲ್ಲೇ ನಿಂದರ್ರಿ," ಎಂದು ಡ್ರೈವರ್ ಕೂಗುವುದರೊಳಗೆ ಗ್ಯಾಸಿಗೆ ಬೆಂಕಿ ಹತ್ತಿ ಭುಗ್ಗೆಂದಿತು. ಅವರು ಮುಚ್ಚಳ ಬಡಿದು ಹಾಕಿದರು. ತಟ್ಟೆ ಗಟಾರಕ್ಕೆ ಬಿತ್ತು, ಆಯಿಯ ಒಂದು ಹುಬ್ಬು ಅರ್ಧ ಹೋಯಿತು. ಪುಣ್ಯ, ಅಷ್ಟಕ್ಕೇ ಮುಗಿಯಿತು.

"ಅದು ಬಾಯಿ ಅಲ್ರಿ, ಒಲಿ," ಎಂದರು ಡ್ರೈವರ್. "ಅದರ ಉಸುರಿಗೆ ಕಿಡಿ ತಾಗಬಾರದ್ರಿ."

"ಮೊದಲ ಹೇಳಬಾರದೇನೋ ತಮ್ಮಾ," ಎಂದು ಆಯಿ ಹುಬ್ಬು ಸವರಿಕೊಂಡಳು. ಆದರೆ ಆರತಿಯಿಲ್ಲದೆ ಹತ್ತುವುದಿಲ್ಲ ಎಂದು ಕಟ್ಟೆಯ ಮೇಲೆ ಕುಂತೇಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು.

"ಎತ್ತಿನ ಬಾಲಕ್ಕ ಯಾವತ್ತರ ಆರತಿ ಮಾಡೀಯೇನು? ಮುಂದ ಬಾ, ಕಣ್ಣು ಅಲ್ಲದಾವು," ಎಂದೆ. ಡ್ರೈವರ್ ಕುಂಕುಮದ ನೀರು ಸಾಕು, ಬೆಂಕಿ ಬೇಡ ಎಂದರು. ಆಯಿ ಬಸ್ಸಿನ ದೀಪಗಳಿಗೆ ಕೆಂಪು ನೀರು ಬೆಳಗಿದ ಮೇಲೆಯೇ ಹೊರಟೆವು.

ಹಾನಗಲ್ಲು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಬಡಿದ ಮುಚ್ಚಳ ಸೊಟ್ಟಾಗಿ ಗ್ಯಾಸು ಸಣ್ಣಗೆ ಸೋರುತ್ತಿತ್ತು. ಇಳಿಯುವ ಬಾಗಿಲೂ ಪೀಪಾಯಿಯ ಪಕ್ಕದಲ್ಲೇ. ಅಲ್ಲಿಗೆ ಬೀಗರ ಹೆಂಗಸರು ಕರ್ಪೂರದಾರತಿ ಹಚ್ಚಿಕೊಂಡೇ ಬಂದರು. ಆಯಿ ಎಲ್ಲರಿಗಿಂತ ಮೊದಲು ಇಳಿದು ಎರಡೂ ಕೈ ಚಾಚಿ ನಿಂತಳು.

"ಹಿಂದಕ್ಕ ಸರೀರಿ. ಬೆಂಕಿ ಆರೋತನಕ ನಮ್ಮ ಹುಡುಗಿ ಇಳಿಯಂಗಿಲ್ಲ."

"ಹಚ್ಚಿದ ಆರತಿ ಆರಿಸೋದು ಅಪಶಕುನ. ಆರತಿ ಇಲ್ಲದ ಸೊಸಿ ನೆಲಕ್ಕ ಕಾಲಿಡಬಾರದ್ರಿ," ಎಂದರು ವರನ ಸೋದರತ್ತೆ.

ಮದುವೆ ಮನೆಯ ಒಳಗಿನಿಂದ ಲಗ್ನ ಮಾಡಿಸುವ ಅಯ್ಯನವರು ಮುಹೂರ್ತ ಮೀರುತ್ತಿದೆ ಎಂದು ಕೂಗುತ್ತಿದ್ದರು. ಇಬ್ಬರು ಮುದುಕಿಯರೂ ಕದಲಲಿಲ್ಲ. ನಾನು ಬಾಗಿಲಲ್ಲಿ ನಿಂತು ಅಳುವುದೋ ಜಿಗಿಯುವುದೋ ತಿಳಿಯದೆ ಒದ್ದಾಡಿದೆ.

ಬಾಸಿಂಗ ಕಟ್ಟಿಕೊಂಡೇ ವರ ಹೊರಗೆ ಬಂದರು. ಆಯಿಯ ಅರ್ಧ ಹುಬ್ಬು ನೋಡಿದರು, ಪೀಪಾಯಿ ನೋಡಿದರು. ತಟ್ಟೆಯ ಉರಿಯನ್ನು ಎರಡು ಬೆರಳಿನಿಂದ ಚಿವುಟಿಬಿಟ್ಟರು.

"ಅಪಶಕುನ ನನ್ನ ಪಾಲಿಗಿರಲಿ," ಎಂದು ನನ್ನ ಕಡೆ ನೋಡಿದರು. "ಇಳಿ, ಹೊತ್ತಾತು."

ತಾಳಿ ಕಟ್ಟುವಾಗಲೂ ಅವರ ಬೆರಳು ಕಪ್ಪಾಗಿದ್ದವು, ನನ್ನ ಕೊರಳಿಗೂ ಮಸಿ ಹತ್ತಿತು. ಮರುದಿನ ಜಳಕ ಮಾಡುವಾಗ ಅದನ್ನು ತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.